ಇಪ್ಪತ್ತು ಮನೆಗಳ ಪುಸ್ತಕ: ಮಹಾಮಾರಿ ಬರುವ ಮೊದಲು ನಮ್ಮ ಬೀದಿಯಲ್ಲಿ ಮಾಡಿಡಬೇಕಾದದ್ದು

2020ರ ಏಪ್ರಿಲ್ ಮೊದಲ ವಾರ. ನಮ್ಮ ಮನೆಯಿಂದ ಮೂರು ಗೇಟು ಆಚೆ ಒಬ್ಬರೇ ಇರುವ ಅಜ್ಜಿಯ ಬಿಪಿ ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ನಮಗೆ ಅದು ತಿಳಿದದ್ದು ದುಬೈಯಿಂದ ಅವರ ಮಗ ಫೋನ್ ಮಾಡಿ ಹೇಳಿದ ಮೇಲೆ. ಮೂರು ಗೇಟು ಆಚೆ ಇದ್ದ ನಮಗೆ ಗೊತ್ತಿಲ್ಲ, ಕಡಲಾಚೆ ಇದ್ದವನಿಗೆ ಗೊತ್ತು. ಹಾಗಂತ ಬೀದಿಯಲ್ಲಿ ಸುದ್ದಿಗೇನೂ ಬರ ಇರಲಿಲ್ಲ. ನೂರೆಂಬತ್ತು ಜನರ ವಾಟ್ಸಪ್ ಗ್ರೂಪಿನಲ್ಲಿ ಬೆಳಗಾದರೆ ಕಷಾಯದ ವಿಧಾನ, ಸಂಜೆಯಾದರೆ ಯಾವ ರಸ್ತೆ ಬಂದ್ ಎಂಬ ಗುಲ್ಲು. ಅಜ್ಜಿಯ ಹತ್ತಿರ ಇದ್ದದ್ದು ಬಟನ್ ಫೋನ್. ಆ ಗ್ರೂಪಿನಲ್ಲಿ ಅವರು ಇರಲೇ ಇಲ್ಲ.

ಆ ದಿನಗಳನ್ನು ಕಾಸರಗೋಡಿನವರು ಮರೆಯಲಾರರು. ದೇಶದ ಮೂರನೇ ಕೋವಿಡ್ ಪ್ರಕರಣ 2020ರ ಫೆಬ್ರವರಿ 3ರಂದು ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲೇ, ವುಹಾನ್‌ನಿಂದ ಮರಳಿದ್ದ ಒಬ್ಬ ವಿದ್ಯಾರ್ಥಿಯಲ್ಲಿ. ಮಾರ್ಚ್ ಕೊನೆಗೆ ಕೇರಳದಲ್ಲೇ ಹೆಚ್ಚು ರೋಗಿಗಳಿರುವ ಜಿಲ್ಲೆ ನಮ್ಮದಾಯಿತು. ಅದೇ ಹೊತ್ತಿಗೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಬಿತ್ತು. ದೊಡ್ಡ ಕಾಯಿಲೆ ಅಂದರೆ 50 ಕಿಲೋಮೀಟರ್ ದೂರದ ಮಂಗಳೂರು ಎಂದು ನಂಬಿಕೊಂಡಿದ್ದ ಊರು ಇದು. ಆಂಬುಲೆನ್ಸ್ ಗಡಿ ದಾಟಲಾಗದೆ ರೋಗಿಗಳು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು.

ಗಡಿ ತೆರೆಸುವುದು, ಆಸ್ಪತ್ರೆ ಕಟ್ಟುವುದು ಬೀದಿಯವರ ಕೈಯಲ್ಲಿಲ್ಲ. ಮೂರು ಗೇಟು ಆಚೆಯ ಮಾತ್ರೆ ಡಬ್ಬಿ ಖಾಲಿಯಾಗಿದೆಯೇ ಎಂದು ತಿಳಿಯುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಆ ಕೆಲಸದ ಕ್ರಮವನ್ನು, ನಾವು ಎರಡು ವರ್ಷ ಮಾಡಿದ್ದನ್ನೂ ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಕಾಯಿಲೆಯ ಹೆಸರು ಮುಂದೆ ಬೇರೆ ಇರಬಹುದು. ನಿಪಾ 2018ರಲ್ಲೇ ಕೇರಳಕ್ಕೆ ಬಂದು ಹೋಗಿದೆ. ಬಾಗಿಲು ಹಾಕಿಕೊಂಡು ಕೂರಬೇಕಾದ ಕಾಲ ಯಾವ ಹೆಸರಿನಲ್ಲಿ ಬಂದರೂ ಕೆಲಸ ಇದೇ.

ಮೊದಲು ಮನೆ ಎಣಿಸಿ

ಇಪ್ಪತ್ತು ಮನೆ ಸಾಕು. ಇಪ್ಪತ್ತೈದಕ್ಕಿಂತ ಹೆಚ್ಚು ಬೇಡ. ನಾವು ಆರಂಭದಲ್ಲಿ ಹುಮ್ಮಸ್ಸಿನಿಂದ ಇಡೀ ವಾರ್ಡಿಗೆ ಮಾಡಲು ಹೊರಟೆವು. ಹತ್ತು ದಿನದಲ್ಲಿ ಯಾರಿಗೆ ಯಾರು ಫೋನ್ ಮಾಡಬೇಕೆಂಬುದೇ ಗೊಂದಲವಾಗಿ ಬಿಟ್ಟೆವು. ನಡೆದು ಹೋಗಿ ಗೇಟಿನ ಹೊರಗಿಂದ ಕೂಗಿದರೆ ಕೇಳುವಷ್ಟು ದೂರದ ಮನೆಗಳನ್ನು ಮಾತ್ರ ಸೇರಿಸಿ. ಪಕ್ಕದ ಬೀದಿಯವರು ತಮ್ಮದನ್ನು ತಾವೇ ಮಾಡಿಕೊಳ್ಳಲಿ, ಬೇಕಾದರೆ ನಿಮ್ಮ ಪುಸ್ತಕದ ನಮೂನೆ ಕೊಡಿ.

ಮನೆ ಎಣಿಸುವಾಗ ಬಾಡಿಗೆ ಕೋಣೆಗಳನ್ನು ಬಿಡಬೇಡಿ. ಪೇಟೆಯ ಹತ್ತಿರದ ಬೀದಿಗಳಲ್ಲಿ ಹೋಟೆಲ್ ಕೆಲಸದ ಹುಡುಗರು, ಬೇರೆ ರಾಜ್ಯದ ಕಟ್ಟಡ ಕಾರ್ಮಿಕರು, ಓದಲು ಬಂದವರು ಮಹಡಿಯ ಮೇಲೆ ಎಲ್ಲೋ ಇರುತ್ತಾರೆ. ರೇಷನ್ ಕಾರ್ಡ್ ಇಲ್ಲಿಯದಲ್ಲ, ಮತವೂ ಇಲ್ಲಿಯದಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಅವರ ಹೆಸರು ಬರುವುದಿಲ್ಲ.

ಶುರು ಮಾಡುವ ಮೊದಲು ಮೂವರಿಗೆ ತಿಳಿಸಿ: ವಾರ್ಡಿನ ಕೌನ್ಸಿಲರ್, ಆಶಾ ಕಾರ್ಯಕರ್ತೆ, ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಅಯಲ್ಕೂಟದ (ನೆರೆಮನೆಯವರ ಗುಂಪಿನ) ಅಕ್ಕಂದಿರು. ಇದು ಅನುಮತಿ ಕೇಳುವುದಲ್ಲ, ಒಂದೇ ಮನೆಗೆ ಮೂರು ಕಡೆಯಿಂದ ಅಕ್ಕಿ ಹೋಗಿ ಇನ್ನೊಂದಕ್ಕೆ ಏನೂ ಹೋಗದಿರುವಂತೆ ನೋಡಿಕೊಳ್ಳುವುದು. ಹಾಸಿಗೆ ಹಿಡಿದವರು ಯಾರಾದರೂ ಇದ್ದರೆ ಪಾಲಿಯೇಟಿವ್ ನರ್ಸ್‌ಗೂ, ಅಂದರೆ ದೀರ್ಘ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಯ ನರ್ಸ್‌ಗೂ, ಗೊತ್ತಿರಬೇಕು. ಕೇರಳದಲ್ಲಿ 2008ರಿಂದಲೇ ಇದಕ್ಕೊಂದು ನೀತಿ ಇದೆ, ಸ್ಥಳೀಯ ಸಂಸ್ಥೆಯ ನರ್ಸ್ ಮನೆಗೇ ಬರುತ್ತಾರೆ. ನಮ್ಮ ಬೀದಿಯಲ್ಲೇ ಎರಡು ಮನೆಯವರಿಗೆ ಇದು ಗೊತ್ತಿರಲಿಲ್ಲ.

ಪುಸ್ತಕ

ಇನ್ನೂರು ಪುಟದ ಒಂದು ನೋಟ್‌ಬುಕ್. ಫೋನಿನ ಆ್ಯಪ್ ಬೇಡ ಎಂದು ನಾನು ಹಟ ಹಿಡಿದೆ, ಈಗಲೂ ಹಿಡಿಯುತ್ತೇನೆ. ಚಾರ್ಜ್ ಇಲ್ಲದಾಗ, ಮಳೆಗೆ ಕರೆಂಟು ಹೋದಾಗ, ಪುಸ್ತಕ ನೋಡಿಕೊಳ್ಳುವವನೇ ಆಸ್ಪತ್ರೆ ಸೇರಿದಾಗ ಬೇರೊಬ್ಬರ ಕೈಗೆ ಕೊಡಲು ಪುಸ್ತಕವೇ ಸುಲಭ.

ಮನೆಗೆ ಎರಡು ಪುಟ. ಯಾರು ಯಾರಿದ್ದಾರೆ, ವಯಸ್ಸು, ಯಾವ ಭಾಷೆ ಓದಲು ಬರುತ್ತದೆ, ದಿನಾ ತೆಗೆದುಕೊಳ್ಳುವ ಔಷಧಿ, ಅದು ಎಲ್ಲಿ ಸಿಗುತ್ತದೆ, ಯಾವ ಆಸ್ಪತ್ರೆಯ ಚೀಟಿ, ಹೊರಗಿರುವ ಮಕ್ಕಳ ನಂಬರು. ಮಕ್ಕಳಿದ್ದರೆ ಯಾವ ಕ್ಲಾಸ್, ಯಾವ ಮಾಧ್ಯಮ, ಮನೆಯಲ್ಲಿ ಫೋನ್ ಎಷ್ಟು. ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲು: ಈ ಮನೆಯವರು ಬೇರೆಯವರಿಗೆ ಏನು ಮಾಡಿಕೊಡಬಲ್ಲರು? ಈ ಸಾಲನ್ನು ಮೊದಲು ಬರೆದವಳು ನನ್ನ ಅತ್ತಿಗೆ. ನನಗೆ ಹೊಳೆದಿರಲಿಲ್ಲ. ಕಾರು ಇದೆ, ಹೊಲಿಗೆ ಮೆಷಿನ್ ಇದೆ, ಮಲಯಾಳ ಓದಲು ಬರುತ್ತದೆ, ಇಂಜೆಕ್ಷನ್ ಕೊಡಲು ಬರುತ್ತದೆ, ಲೆಕ್ಕ ಹೇಳಿಕೊಡಬಲ್ಲೆ, ಬಾವಿಯಲ್ಲಿ ಬೇಸಗೆಯಲ್ಲೂ ನೀರು ಇರುತ್ತದೆ. ಎಂಬತ್ತಮೂರರ ಅಜ್ಜ ಒಬ್ಬರು "ನಾನು ಎಂತ ಮಾಡಲಿಕ್ಕುಂಟು, ಕೂತು ಫೋನ್ ಮಾಡಬಹುದು" ಎಂದರು. ಮುಂದೆ ಅವರೇ ನಮ್ಮ ಅತಿ ದೊಡ್ಡ ಆಸರೆಯಾದರು.

ಕೇಳದೆ ಬರೆಯಬೇಡಿ. ಕಾಯಿಲೆಯ ವಿಷಯ ಹೇಳಲು ಇಷ್ಟವಿಲ್ಲದವರ ಪುಟ ಖಾಲಿ ಇರಲಿ, ನಂಬರು ಮಾತ್ರ ಇರಲಿ. ಪುಸ್ತಕದ ಫೋಟೊ ತೆಗೆದು ಎಲ್ಲಿಗೂ ಕಳಿಸಬಾರದು. 2020ರ ಮಾರ್ಚಿನಲ್ಲಿ ಗಲ್ಫಿನಿಂದ ಬಂದವರ ಹೆಸರು, ಮನೆ, ಫೋಟೊ ಸಮೇತ ಫೋನಿನಿಂದ ಫೋನಿಗೆ ಓಡಾಡಿದ್ದನ್ನು ನೋಡಿದ್ದೇವೆ. ವಿಮಾನದಿಂದ ಇಳಿದು ನಿಯಮದಂತೆ ಕೋಣೆಯಲ್ಲಿ ಕೂತವನನ್ನೂ ಕಳ್ಳನಂತೆ ಕಂಡ ಊರು ನಮ್ಮದು. ಹೆಸರು ಬಯಲಾಗುತ್ತದೆಂಬ ಹೆದರಿಕೆ ಇದ್ದರೆ ಜ್ವರ ಬಂದವರು ಹೇಳುವುದಿಲ್ಲ, ಅಷ್ಟೇ.

ಜೋಡಿ ಹಾಕುವುದು

ಒಬ್ಬ ಯುವಕ ಅಥವಾ ಯುವತಿಗೆ ಮೂರು ಮನೆ. ಪ್ರತಿ ಮನೆಗೆ ಇಬ್ಬರು, ಒಬ್ಬರಿಗೆ ತೊಂದರೆಯಾದರೆ ಇನ್ನೊಬ್ಬರು. ಹೊರಗೆ ಓಡಾಡುವ ಕೆಲಸ 18 ದಾಟಿದವರಿಗೆ ಮಾತ್ರ, ಮನೆಯಲ್ಲಿ ಕಾಯಿಲೆಯ ಅಜ್ಜ ಅಜ್ಜಿ ಇದ್ದರೆ ಅವರಿಗೂ ಬೇಡ. ಚಿಕ್ಕವರು ಫೋನ್ ಮಾಡಲಿ, ಅದೂ ತಂದೆತಾಯಿಗೆ ಗೊತ್ತಿದ್ದು. ಯಾವ ಮಗುವನ್ನೂ ಒಂಟಿಯಾಗಿ ಬೇರೆ ಮನೆಯೊಳಗೆ ಕಳಿಸಬಾರದು. ಎಲ್ಲರೂ ಗುರುತಿನವರೇ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಫೋನಿನ ಹೊತ್ತು ನಿಗದಿಯಾಗಿರಲಿ. ನಮ್ಮದು ಬೆಳಿಗ್ಗೆ ಹತ್ತು. ತಿಂಡಿ, ಮಾತ್ರೆ ಎರಡೂ ಆಗಿರುತ್ತದೆ, ಏನಾದರೂ ತರಬೇಕಿದ್ದರೆ ಅಂಗಡಿಯೂ ತೆರೆದಿರುತ್ತದೆ. ಎರಡು ಸಲ ಫೋನ್ ಎತ್ತದಿದ್ದರೆ ಹತ್ತೂವರೆಗೆ ಗೇಟಿನ ಹತ್ತಿರ ಹೋಗಿ ಕೂಗುವುದು. ಹೀಗೆ ಹೋದಾಗಲೆಲ್ಲ ಹೆಚ್ಚಾಗಿ ಅವರು ಬಟ್ಟೆ ಒಗೆಯುತ್ತಿದ್ದರು ಅಥವಾ ಫೋನ್ ದೇವರ ಕೋಣೆಯಲ್ಲಿತ್ತು. ಒಂದು ಸಲ ಮಾತ್ರ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು. ಒಂಟಿಯಾಗಿರುವವರ ಮನೆಯ ಇನ್ನೊಂದು ಕೀಲಿಕೈ ಯಾರ ಹತ್ತಿರ ಇದೆ ಎಂಬುದು ಪುಸ್ತಕದಲ್ಲಿ ಇರಬೇಕು ಎಂದು ಕಲಿತದ್ದು ಆ ದಿನವೇ.

ಫೋನಿನಲ್ಲಿ ಏನು ಕೇಳಬೇಕು

"ಸೌಖ್ಯವಾ ಅಜ್ಜೀ?" ಎಂದರೆ "ಸೌಖ್ಯ ಮಗಾ" ಎಂದೇ ಉತ್ತರ. ಮೂರು ದಿನದಿಂದ ಅನ್ನ ಸೇರದಿದ್ದರೂ ಅದೇ ಉತ್ತರ. ಬೇರೆಯವರಿಗೆ ಭಾರವಾಗಬಾರದು ಎಂಬ ಸಂಕೋಚ ಆ ತಲೆಮಾರಿನ ಮೈಗಂಟಿದ್ದು. ಹಾಗಾಗಿ ಹೌದು ಅಲ್ಲ ಎಂದು ಮುಗಿಸಲಾಗದ ಪ್ರಶ್ನೆ ಕೇಳಿ. "ಬೆಳಿಗ್ಗೆ ಎಂತ ತಿಂದಿರಿ?" "ಬಿಳಿ ಮಾತ್ರೆ ಇನ್ನು ಎಷ್ಟು ಉಂಟು, ಎಣಿಸಿ ಹೇಳ್ತೀರಾ?" "ರಾತ್ರಿ ಎಷ್ಟು ಸಲ ಎದ್ದಿರಿ?" "ಇವತ್ತು ಯಾವ ವಾರ ಅಜ್ಜೀ, ನನಗೆ ಮರೆತೇ ಹೋಗಿದೆ."

ಕೊನೆಯ ಪ್ರಶ್ನೆ ಸುಮ್ಮನೆ ಅಲ್ಲ. ವಯಸ್ಸಾದವರಲ್ಲಿ ಕೋವಿಡ್ ಎಷ್ಟೋ ಸಲ ಜ್ವರ, ಕೆಮ್ಮು ಇಲ್ಲದೆಯೇ ಬರುತ್ತದೆ. ಇದ್ದಕ್ಕಿದ್ದಂತೆ ಗೊಂದಲ, ವಿಪರೀತ ನಿದ್ದೆ, ಊಟ ಬೇಡ ಎನ್ನುವುದು, ನಿಂತಲ್ಲೇ ಬೀಳುವುದು, ಇವೇ ಮೊದಲ ಸೂಚನೆ. ಮಾತನ್ನು ಕಿವಿಗೊಟ್ಟು ಕೇಳಿ. ಒಂದು ವಾಕ್ಯ ಮುಗಿಸಲು ನಡುವೆ ಎರಡು ಸಲ ಉಸಿರು ತೆಗೆಯುತ್ತಾರೆಯೇ? ನಿನ್ನೆ ಹಾಗಿರಲಿಲ್ಲವೇ?

ನಮ್ಮ ಬೀದಿಯ ಪ್ಲಸ್ ಟು ಹುಡುಗಿಯೊಬ್ಬಳ ಪಾಲಿಗೆ ನಿವೃತ್ತ ಕನ್ನಡ ಮಾಷ್ಟ್ರು ಬಂದಿದ್ದರು. ಅವಳು ಮಲಯಾಳ ಬೆರೆಸಿ ಮಾತಾಡಿದಾಗಲೆಲ್ಲ ಫೋನಿನಲ್ಲೇ ತಿದ್ದುತ್ತಿದ್ದರು, ಅವಳಿಗೆ ಅದು ದೊಡ್ಡ ಕಿರಿಕಿರಿ. 2021ರ ಮೇ ತಿಂಗಳಲ್ಲಿ ಒಂದು ದಿನ ಅವಳು ಬಂದು, "ಇವತ್ತು ಮಾಷ್ಟ್ರು ಒಮ್ಮೆಯೂ ತಿದ್ದಲಿಲ್ಲ" ಎಂದಳು. ಜ್ವರ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ 89 ತೋರಿಸಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಮರುದಿನವೇ ಅವಳ ಒಂದು ಕ್ರಿಯಾಪದ ತಿದ್ದಿದರಂತೆ.

ಆಕ್ಸಿಮೀಟರ್ ಎಂದಾಗ ಅದರ ಬಳಕೆಯನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ಮನೆಗೆ ಮೂರು ಸಾಕು, ಹಣ ಹಂಚಿಕೊಂಡು ಕೊಳ್ಳಿ. ಉಗುರಿನ ಬಣ್ಣ ತೆಗೆದಿರಬೇಕು, ಕೈ ಬೆಚ್ಚಗಿರಬೇಕು. ಐದು ನಿಮಿಷ ಸುಮ್ಮನೆ ಕೂತ ಮೇಲೆ ತೋರುಬೆರಳಿಗೋ ನಡುಬೆರಳಿಗೋ ಹಾಕಿ, ಅಂಕೆ ಒಂದೇ ಕಡೆ ನಿಲ್ಲುವ ತನಕ ಕಾಯಿರಿ. 94ಕ್ಕಿಂತ ಕೆಳಗೆ ಬಂದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. 90ಕ್ಕಿಂತ ಕೆಳಗೆ ಇದ್ದರೆ ತಡ ಮಾಡದೆ 108 ಆಂಬುಲೆನ್ಸಿಗೆ ಫೋನ್ ಮಾಡಿ. ಕೂತಾಗ ಅಂಕೆ ಚೆನ್ನಾಗಿದ್ದರೂ ಸಂಶಯ ಇದ್ದರೆ ಕೋಣೆಯೊಳಗೇ ಆರು ನಿಮಿಷ ನಡೆದು ಮತ್ತೆ ನೋಡುವುದು, ಅರುವತ್ತು ದಾಟಿದವರಿಗೆ ಮೂರು ನಿಮಿಷ ಸಾಕು. ಮೂರು ಅಂಕೆಗಿಂತ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಿ. ನಡೆದರೆ ಬೀಳುವಂಥವರಿಗೆ, ಕೂತಲ್ಲೇ ಏದುಸಿರು ಬಿಡುವವರಿಗೆ ಈ ಪರೀಕ್ಷೆ ಬೇಡ. ಇನ್ನೊಂದು ಮಾತು, ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು. ಅಂಕೆ 95 ಇದ್ದರೂ ಮನುಷ್ಯ ದಣಿದು ಕೂತಿದ್ದರೆ ಮನುಷ್ಯನನ್ನು ನಂಬಿ.

ಭಾಷೆಯ ಚೀಟಿ

ಬೇರೆ ಊರಿನವರಿಗೆ ಇದರ ಅಗತ್ಯ ಇರಲಾರದು, ನಮಗೆ ಇದೆ. ಎಪ್ಪತ್ತು ದಾಟಿದ ನಮ್ಮ ಹಿರಿಯರಲ್ಲಿ ಅನೇಕರು ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಲಿಪಿ ಬರುವುದಿಲ್ಲ. ಸೂಚನೆಗಳು ಬರುವುದು ಹೆಚ್ಚಾಗಿ ಮಲಯಾಳದಲ್ಲೇ. 1969ರ ಕೇರಳದ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಸೂಚನೆ ಕನ್ನಡದಲ್ಲೂ ಬೇಕು ಎಂದು ಅರ್ಜಿ ಕೊಡಿ, ಕೊಡಲೇಬೇಕು. ಆದರೆ ಉತ್ತರ ಬರುವ ತನಕ ವೈರಸ್ ಕಾಯುವುದಿಲ್ಲ. ರಾತ್ರಿ ಎಂಟಕ್ಕೆ ಆ ದಿನದ ಮುಖ್ಯ ಸೂಚನೆಯನ್ನು ಒಬ್ಬರು ಐದು ಸಾಲಿನ ಕನ್ನಡಕ್ಕೆ ಇಳಿಸಿ, ದಪ್ಪ ಅಕ್ಷರದಲ್ಲಿ ಬರೆದು ಬೀದಿಯ ಅಂಗಡಿ ಬಾಗಿಲಿಗೆ ಅಂಟಿಸಲಿ. ಫೋನ್ ಮಾಡುವವರು ಮರುದಿನ ಅದನ್ನೇ ಓದಿ ಹೇಳಲಿ.

ಎರಡು ಭಾಷೆಯಲ್ಲೂ ಒಂದೇ ಥರ ಕೇಳುವ ಪದಗಳಲ್ಲಿ ಹೆಚ್ಚು ಎಚ್ಚರ ಬೇಕು. ಮಲಯಾಳದಲ್ಲಿ 'ನಿರೀಕ್ಷಣ' ಎಂದರೆ ನಿಗಾ ಇಡುವುದು, ನಮಗೆ ನಿರೀಕ್ಷೆ ಎಂದರೆ ಎದುರು ನೋಡುವುದು. "ನೀವು ಹದಿನಾಲ್ಕು ದಿನ ನಿರೀಕ್ಷಣದಲ್ಲಿ" ಎಂದು ಆರೋಗ್ಯ ಇಲಾಖೆಯ ಫೋನ್ ಬಂದಾಗ ಒಬ್ಬ ಹಿರಿಯರು, "ಯಾರು ಬರ್ತಾರೆ ಅಂತ ನಿರೀಕ್ಷೆ ಮಾಡುವುದು?" ಎಂದು ಕೇಳಿದ್ದು ನಮ್ಮಲ್ಲಿ ಇಂದಿಗೂ ನಗೆಯ ವಿಷಯ. ಆದರೆ ಅವರು ಮರುದಿನ ಮಾರ್ಕೆಟಿಗೆ ಹೋಗಿಬಿಟ್ಟಿದ್ದರು. ಅದು ನಗೆಯ ವಿಷಯವಾಗಿರಲಿಲ್ಲ.

ಪ್ರತಿ ಹಿರಿಯರ ಕಿಸೆಗೂ ಪರ್ಸಿಗೂ ಒಂದು ಚೀಟಿ ಮಾಡಿಕೊಡಿ. ಒಂದು ಬದಿಯಲ್ಲಿ ಮಲಯಾಳ ಲಿಪಿಯಲ್ಲಿ "ಎನಿಕ್ಕ್ ಕನ್ನಡ ಮಾತ್ರಮೇ ಅರಿಯೂ", ಅಂದರೆ ನನಗೆ ಕನ್ನಡ ಮಾತ್ರ ಗೊತ್ತು ಎಂದು ಬರೆದು, ಅದರ ಕೆಳಗೆ ಮಲಯಾಳ ಬಲ್ಲ ಇಬ್ಬರ ಫೋನ್ ನಂಬರು, ಕಾಯಿಲೆ, ಔಷಧಿ. ಇನ್ನೊಂದು ಬದಿಯಲ್ಲಿ ಕನ್ನಡ ಲಿಪಿಯಲ್ಲಿ ಅವರಿಗೇ ಬೇಕಾಗುವ ಪದಗಳು. ಜ್ವರಕ್ಕೆ ಪನಿ, ಕೆಮ್ಮಿಗೆ ಚುಮ, ಗಂಟಲುನೋವಿಗೆ ತೊಂಡವೇದನ, ತಲೆಸುತ್ತಿಗೆ ತಲಕರಕ್ಕಂ, ಎದೆನೋವಿಗೆ ನೆಂಜುವೇದನ, ಉಸಿರು ಕಟ್ಟುವುದಕ್ಕೆ ಶ್ವಾಸಂಮುಟ್ಟಲ್. ಐಸೊಲೇಶನ್ ವಾರ್ಡಿಗೆ ಮನೆಯವರನ್ನು ಬಿಡುವುದಿಲ್ಲ. ಅಲ್ಲಿ ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡರೆ ಯಾವ ಪದದಿಂದ ನರ್ಸಮ್ಮನನ್ನು ಕರೆಯುವುದು? ಅದಕ್ಕೆ ಈ ಚೀಟಿ.

ಸಹಾಯವಾಣಿಗೆ ಫೋನ್ ಮಾಡುವಾಗಲೂ ಹೀಗೇ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರು 1056. ಹಿರಿಯರು ಒಂಟಿಯಾಗಿ ಮಾತಾಡಿ ತೊದಲುವ ಬದಲು ಜೋಡಿಯ ಯುವಕ ಕಾನ್ಫರೆನ್ಸ್ ಕರೆ ಹಾಕಿ ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸಲಿ. ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಬೇಕು. "ಅಜ್ಜ ಸ್ವಲ್ಪ ಹೆಚ್ಚು ಹೇಳ್ತಾರೆ" ಎಂಬ ನಿಮ್ಮ ಅಭಿಪ್ರಾಯ ಸೇರಿಸಬೇಡಿ.

ಮಾತ್ರೆ, ಡಯಾಲಿಸಿಸ್, ಗಡಿ

ಮಂಗಳೂರಿನ ಡಾಕ್ಟರು ಬರೆದ ಕಂಪೆನಿಯ ಮಾತ್ರೆ ಕಾಸರಗೋಡಿನ ಅಂಗಡಿಯಲ್ಲಿ ಇಲ್ಲ ಎಂದಾಗ ನಾವು ಕಂಗಾಲಾದೆವು. ಅದೇ ಔಷಧಿ ಬೇರೆ ಹೆಸರಿನಲ್ಲಿ ಕಾರುಣ್ಯ ಫಾರ್ಮಸಿಯಲ್ಲೂ ನೀತಿ ಮೆಡಿಕಲ್ಸಿನಲ್ಲೂ ಇತ್ತು. ಆದ್ದರಿಂದ ಈಗಲೇ, ಎಲ್ಲರೂ ಸೌಖ್ಯದಲ್ಲಿರುವಾಗ, ಪ್ರತಿ ಮಾತ್ರೆಯ ಮೂಲ ಔಷಧಿಯ ಹೆಸರನ್ನು ಡಾಕ್ಟರಿಂದ ಬರೆಸಿ ಪುಸ್ತಕಕ್ಕೆ ಏರಿಸಿ. ಹೆಸರು ಒಂದೇ ಅನ್ನಿಸಿದರೂ ನೀವಾಗಿ ಬದಲಿಸಬೇಡಿ, ಫಾರ್ಮಸಿಸ್ಟ್ ಹೇಳಲಿ. ಮನೆಯಲ್ಲಿ ಒಂದು ತಿಂಗಳ ಮಾತ್ರೆ ಯಾವಾಗಲೂ ಇರಲಿ. ಹತ್ತು ದಿನದ್ದು ಉಳಿದಾಗಲೇ ಮುಂದಿನದು ತರುವುದು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಐಸ್ ಆಗುವ ಕಡೆ ಇಡಬಾರದು. ಫ್ರಿಜ್ ಇಲ್ಲದ ಮನೆಯ ಇನ್ಸುಲಿನ್ ಯಾರ ಫ್ರಿಜ್ಜಿನಲ್ಲಿದೆ ಎಂಬುದನ್ನೂ ಬರೆಯಿರಿ.

ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ, ತುಂಬು ಬಸುರಿ ಇರುವ ಮನೆಯ ಪುಟಕ್ಕೆ ಕೆಂಪು ಗುರುತು ಹಾಕಿ. ಈ ಮನೆಗಳಿಗೆ ಎರಡು ದಾರಿ ಬೇಕು. ಒಂದು ಉತ್ತರಕ್ಕೆ ಮಂಗಳೂರು. ಇನ್ನೊಂದು ಗಡಿ ದಾಟದೇ ಹೋಗುವಂಥದ್ದು, ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಅಥವಾ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು. ಎರಡನೇ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತೋರಿಸಿ, ಅಲ್ಲಿಯ ಚೀಟಿ ಮಾಡಿಸಿಡಿ. ಹೊಸ ರೋಗಿಯಾಗಿ ತುರ್ತಿನಲ್ಲಿ ಹೋಗುವುದಕ್ಕೂ ಚೀಟಿ ಹಿಡಿದುಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳಿರುವ ಮನೆಗಳೂ ಇದೇ ಲೆಕ್ಕ. ಅವರ ಅಪಸ್ಮಾರದ ಮಾತ್ರೆ ಒಂದು ದಿನ ತಪ್ಪಿದರೂ ತೊಂದರೆ. ಆ ತಾಯಂದಿರಲ್ಲಿ ಅನೇಕರಿಗೆ ಈಗ ಅರುವತ್ತರ ಹತ್ತಿರ. ಮಹಾಮಾರಿಯಲ್ಲಿ ಅವರೇ ಮಲಗಿದರೆ ಮಗುವನ್ನು ಎತ್ತುವವರು ಯಾರು ಎಂದು ಮೊದಲೇ ಕೇಳಿ, ಹೆಸರು ಬರೆದುಕೊಳ್ಳಿ.

ಊಟ, ಹಣ

2020ರ ಮಾರ್ಚ್ ಕೊನೆಯಲ್ಲಿ ಸ್ಥಳೀಯ ಸಂಸ್ಥೆಗಳೂ ಕುಟುಂಬಶ್ರೀಯೂ ಸೇರಿ ಸಮುದಾಯ ಅಡುಗೆಮನೆ ಆರಂಭಿಸಿದವು, ಆಮೇಲೆ 20 ರೂಪಾಯಿ ಊಟದ ಜನಕೀಯ ಹೋಟೆಲುಗಳು ಬಂದವು. ಆದರೆ ಪೊಟ್ಟಣದ ಊಟ ಎಲ್ಲ ಹಿರಿಯರಿಗೂ ಆಗುವುದಿಲ್ಲ. ಹಲ್ಲಿಲ್ಲದವರಿಗೆ ಕುಚ್ಚಿಲಕ್ಕಿ ಗಂಜಿ ಬೇಕು, ಶುಗರ್ ಇದ್ದವರಿಗೆ ಅನ್ನ ಕಡಿಮೆ ಬೇಕು. ಪಕ್ಕದ ಮನೆಯಲ್ಲಿ ಬೇಯುವ ಗಂಜಿಗೆ ಅರ್ಧ ಪಾವು ಅಕ್ಕಿ ಹೆಚ್ಚು ಹಾಕಿದರೆ ಆಯಿತು.

ತರಕಾರಿ, ಮೀನು, ಮಾತ್ರೆ ತಂದುಕೊಟ್ಟರೆ ಹಣ ತೆಗೆದುಕೊಳ್ಳಿ. "ಇರಲಿ ಬಿಡಿ ಅಜ್ಜ" ಎಂದರೆ ಅಜ್ಜ ಮುಂದಿನ ಸಲ ಏನೂ ಹೇಳಿ ತರಿಸುವುದಿಲ್ಲ. ಬಿಲ್ಲು, ಚಿಲ್ಲರೆ ಒಂದೇ ಲಕೋಟೆಯಲ್ಲಿ ಹಾಕಿ ಗೇಟಿಗೆ ಸಿಕ್ಕಿಸಿ. ಎಟಿಎಂ ಕಾರ್ಡ್, ಪಿನ್, ಒಟಿಪಿ ಯಾರೂ ಕೇಳಬಾರದು, ಅವರಾಗಿ ಕೊಟ್ಟರೂ ತೆಗೆದುಕೊಳ್ಳಬಾರದು. ಆಧಾರ್ ಜೋಡಿಸಿದ ಖಾತೆಯಿಂದ ಅಂಚೆಯವರೇ ಮನೆಗೆ ಹಣ ತಂದುಕೊಡುವ ವ್ಯವಸ್ಥೆ ಇದೆ.

ಮಕ್ಕಳು ಮತ್ತು ಯುವಕರು

ನಾವೆಲ್ಲ ಹಿರಿಯರ ಚಿಂತೆಯಲ್ಲಿದ್ದಾಗ ಎಳೆಯರು ಸುಮ್ಮನೆ ಕುಸಿಯುತ್ತಿದ್ದರು. ಅವರನ್ನು ಬರೀ ಓಡಾಡುವ ಕೈಕಾಲು ಎಂದುಕೊಂಡದ್ದು ನಮ್ಮ ದೊಡ್ಡ ತಪ್ಪು.

2020ರ ಜೂನ್ 1ರಂದು ಕೇರಳ ಸರ್ಕಾರದ ಶೈಕ್ಷಣಿಕ ಟಿವಿ ಚಾನೆಲ್ ಕೈಟ್ ವಿಕ್ಟರ್ಸ್‌ನಲ್ಲಿ 'ಫಸ್ಟ್ ಬೆಲ್' ತರಗತಿಗಳು ಶುರುವಾದವು, ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಬಂದವು. ಮೂರು ಮಕ್ಕಳಿಗೆ ಒಂದೇ ಫೋನ್ ಇರುವ ಮನೆಯಲ್ಲಿ ಅದು ಹೆಚ್ಚಾಗಿ ದೊಡ್ಡ ಹುಡುಗನ ಕೈಗೆ ಹೋಗುತ್ತದೆ, ಹುಡುಗಿ ಅಡುಗೆಮನೆಗೆ ಹೋಗುತ್ತಾಳೆ. ಪುಸ್ತಕದಲ್ಲಿ ಫೋನಿನ ಲೆಕ್ಕ ಬರೆದದ್ದು ಇದಕ್ಕೇ. ಹಳೆಯ ಫೋನ್ ಇರುವ ಮನೆಗಳಿಂದ ಇಲ್ಲದ ಮನೆಗಳಿಗೆ ಸಾಲ ಕೊಡಿಸಿ. ಗಾಳಿಯಾಡುವ ಜಗಲಿ ಇರುವ ಮನೆಯಲ್ಲಿ ಟಿವಿಯನ್ನು ಹೊರಮುಖ ಮಾಡಿಟ್ಟು ನಾಲ್ಕೈದು ಮಕ್ಕಳನ್ನು ದೂರ ದೂರ ಕೂರಿಸಬಹುದು. ಪಾಠ ನೋಡಿದರೆ ಸಾಲದು, ಕೇಳಿಸಿಕೊಳ್ಳುವವರು ಒಬ್ಬರು ಬೇಕು. ಇಲ್ಲಿಗೆ ನಿವೃತ್ತ ಮಾಷ್ಟ್ರು, ಟೀಚರು, ಬ್ಯಾಂಕಿನಲ್ಲಿದ್ದವರು ಬರಲಿ. ದಿನಕ್ಕೆ ಇಪ್ಪತ್ತು ನಿಮಿಷ, ಫೋನಿನಲ್ಲಿ, ಒಂದು ಲೆಕ್ಕ ಅಥವಾ ಒಂದು ಪುಟ ಓದುವುದು. ಬೆಳಿಗ್ಗೆ ಹತ್ತಕ್ಕೆ ಹುಡುಗಿ ಅಜ್ಜನಿಗೆ ಫೋನ್ ಮಾಡಿದರೆ ಸಂಜೆ ಐದಕ್ಕೆ ಅಜ್ಜ ಹುಡುಗಿಗೆ ಮಾಡುತ್ತಾರೆ. ಸಂಜೆಯ ಫೋನ್ ಶುರುವಾದ ಮೇಲೆ ಬೆಳಗಿನ ಫೋನಿಗೆ ಹಿರಿಯರ ಉತ್ತರ ಉದ್ದವಾಯಿತು. ಕರುಣೆಯಿಂದ ವಿಚಾರಿಸುತ್ತಿದ್ದಾರೆ ಎಂಬ ಮುಜುಗರ ಹೋಗಿರಬೇಕು.

ಎಂಬತ್ತಮೂರರ ಅಜ್ಜನ ವಿಷಯ ಹೇಳಿದೆನಲ್ಲ. ಓಡಾಡುವ ಹುಡುಗರು ಸಂಜೆ ಮನೆ ಸೇರಿದರೇ, ಊಟ ಮಾಡಿದರೇ ಎಂದು ಫೋನ್ ಮಾಡಿ ಗುರುತು ಹಾಕಿಕೊಳ್ಳುವ ಕೆಲಸ ಅವರದಾಯಿತು. ಎರಡನೇ ಅಲೆಯಲ್ಲಿ ಇಪ್ಪತ್ತಮೂರರ ಹುಡುಗನೊಬ್ಬ ಆಂಬುಲೆನ್ಸ್ ಹತ್ತಿಸಿದವರಲ್ಲಿ ಇಬ್ಬರು ಮರಳಲಿಲ್ಲ. ಅವನು ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಕೂತಿದ್ದ. ಅದನ್ನು ಮೊದಲು ಗುರುತಿಸಿದ್ದು ಆ ಅಜ್ಜ. ವಾರಕ್ಕೆ ಒಂದು ದಿನ ಪೂರ್ತಿ ರಜೆ ಎಂಬ ನಿಯಮ ನಾವು ಮಾಡಿದ್ದು ಆಮೇಲೆ. ನೀವು ಮೊದಲ ದಿನವೇ ಮಾಡಿ.

ಗಲ್ಫಿನಲ್ಲಿ ಕೆಲಸ ಹೋಗಿ ಬಂದವರಿಗೆ ಕ್ವಾರಂಟೈನ್ ಮುಗಿದ ಮೇಲೂ ಬೀದಿಗೆ ಬರಲು ನಾಚಿಕೆ. ಅಂಥವರಿಗೆ ಸಮಾಧಾನ ಹೇಳಲು ಹೋಗಬೇಡಿ, ಕೆಲಸ ಕೊಡಿ. ನಮ್ಮಲ್ಲಿ ಅಬುಧಾಬಿಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದವನೊಬ್ಬ ಇಪ್ಪತ್ತು ಮನೆಯ ಸಾಮಾನು ಪಟ್ಟಿಯನ್ನು ಒಂದೇ ಆಟೊ ಬಾಡಿಗೆಯಲ್ಲಿ ಮುಗಿಸುವ ಹಾಗೆ ಮಾಡಿದ.

ನಿದ್ದೆ ಇಲ್ಲದಿರುವುದು, ಇಷ್ಟದ್ದೂ ಬೇಡವಾಗುವುದು, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಬೀದಿಯವರ ಕೈ ಮೀರಿತು ಎಂದುಕೊಳ್ಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ದಿಶಾ 1056 ಇವೆ. ಮಕ್ಕಳ ವಿಷಯಕ್ಕೆ 1098, ಹಿರಿಯರಿಗೆ ಎಲ್ಡರ್‌ಲೈನ್ 14567, ಮನೆಯೊಳಗಿನ ಹೊಡೆತ ಬಡಿತಕ್ಕೆ 112. ಈ ನಂಬರುಗಳನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ.

ರೋಗ ಬಂದ ಮನೆ

ಕಿಟಕಿ ಇರುವ ಕೋಣೆ ರೋಗಿಗೆ. ಕಿಟಕಿ ತೆರೆದಿರಲಿ. ಆರೈಕೆ ಮಾಡುವವರು ಒಬ್ಬರೇ ಇರಲಿ, ಒಳಗೆ ಹೋಗುವಾಗ ಇಬ್ಬರಿಗೂ ಮಾಸ್ಕ್. ಪಾತ್ರೆ ಸೋಪಿನಲ್ಲಿ ತೊಳೆದರೆ ಸಾಕು. ಉಳಿದದ್ದನ್ನು ಆರೋಗ್ಯ ಕಾರ್ಯಕರ್ತರು ಹೇಳುತ್ತಾರೆ. ಬೀದಿಯವರು ನೋಡಬೇಕಾದ್ದು ಬೇರೆ. ದನ ಇದೆಯೇ, ಹಾಲು ಕರೆಯುವವರು ಯಾರು? ಬಾವಿಯ ಪಂಪು ಹಾಕುವವರು ಯಾರು? ಅಜ್ಜ ಆಸ್ಪತ್ರೆಗೆ ಹೋದರೆ ಒಂಟಿಯಾಗಿ ಉಳಿಯುವ ಅಜ್ಜಿಯ ರಾತ್ರಿ ಹೇಗೆ? ಅಜ್ಜಿಗೆ ದಿನಕ್ಕೆ ಎರಡು ಫೋನ್ ಸಾಲದು, ನಾಲ್ಕು ಮಾಡಿ.

ಆಸ್ಪತ್ರೆಯ ಚೀಲ ಮೊದಲೇ ಕಟ್ಟಿಡಿ. ಆಧಾರ್ ಪ್ರತಿ, ಔಷಧಿ ಪಟ್ಟಿ, ಭಾಷೆಯ ಚೀಟಿ, ಚಾರ್ಜರ್, ಎರಡು ಜೊತೆ ಬಟ್ಟೆ, ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ. ಕೊನೆಯ ಮೂರನ್ನು ಮನೆಯಲ್ಲೇ ಬಿಟ್ಟು ಹೋದವರು ಅಲ್ಲಿ ಉಣ್ಣಲಾರದೆ, ಹೇಳಿದ್ದು ಕೇಳದೆ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ.

ಲಸಿಕೆ ಬಂದಾಗಲೂ ಪುಸ್ತಕ ಉಪಯೋಗಕ್ಕೆ ಬಂತು. 2021ರ ಮಾರ್ಚ್ 1ರಿಂದ ಅರುವತ್ತು ದಾಟಿದವರಿಗೆ ಶುರುವಾಯಿತು, ಲಸಿಕೆಯ ಜಾಲತಾಣ ಕೋವಿನ್‌ನಲ್ಲಿ ಹೆಸರು ಹಾಕಲು ಹುಡುಗರು ಸರದಿ ಹಿಡಿದರು. ವಯಸ್ಸು, ಆಧಾರ್ ಕೊನೆಯ ನಾಲ್ಕು ಅಂಕೆ, ಕಾಯಿಲೆ ಎಲ್ಲ ಒಂದೇ ಕಡೆ ಇತ್ತು.

ಸಾವು ಬಂದರೆ ಹೆಚ್ಚು ಜನ ಸೇರುವಂತಿಲ್ಲ, ಮುಖ ನೋಡುವುದೂ ಕಷ್ಟ. ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಹೊರದೇಶದಲ್ಲಿರುವ ಮಗನೋ ಮಗಳೋ ವಿಡಿಯೊ ಕರೆಯಲ್ಲಿ ನೋಡುವಾಗ ಫೋನ್ ಹಿಡಿಯಲು ಕೈ ನಡುಗದ ಒಬ್ಬರನ್ನು ನೇಮಿಸಿ, ಬೇರೆ ಯಾವ ಕೆಲಸವನ್ನೂ ಅವರಿಗೆ ಹೇಳಬೇಡಿ. ನಮ್ಮ ಬೀದಿಯಲ್ಲಿ ಹಿಡಿದವನು ಅಳುತ್ತಾ ಹಿಡಿದ. ಅತ್ತ ಕಡೆ ಮಗಳಿಗೆ ಕಂಡದ್ದು ಬರೀ ತೆಂಗಿನ ಮರದ ತುದಿ.

ಪುಸ್ತಕ ಹಳತಾಗದಂತೆ

ಮೇ ಕೊನೆಯ ಭಾನುವಾರ, ಮಳೆ ಹಿಡಿಯುವ ಮೊದಲು, ಪುಸ್ತಕ ಹಿಡಿದುಕೊಂಡು ಇಪ್ಪತ್ತು ಮನೆಗೂ ಹೋಗಿ. ಡೆಂಗಿ, ಇಲಿಜ್ವರ ಹೇಗೂ ಪ್ರತಿ ಮಳೆಗಾಲ ಬರುತ್ತವೆ, ನೆಪಕ್ಕೆ ಅಷ್ಟು ಸಾಕು. ನಂಬರು ಬದಲಾಗಿದೆಯೇ, ಮಾತ್ರೆ ಬದಲಾಗಿದೆಯೇ, ಹುಡುಗ ಯಾವ ಕ್ಲಾಸಿಗೆ ಬಂದ, ಬಾಡಿಗೆ ಕೋಣೆಗೆ ಹೊಸಬರು ಯಾರು. ಆಕ್ಸಿಮೀಟರಿನ ಬ್ಯಾಟರಿ ತೆಗೆದಿಡಿ, ಇಲ್ಲದಿದ್ದರೆ ಸೋರಿ ಯಂತ್ರ ಹಾಳಾಗುತ್ತದೆ. ನಮ್ಮ ಮೂರರಲ್ಲಿ ಒಂದು ಹಾಗೆಯೇ ಹೋಯಿತು.

ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಮನೆಯ ಹೆಸರೊಂದನ್ನು ಮಾತ್ರ ಪೆನ್ನಿನಲ್ಲಿ.